ರೇಡಿಯಂ ಆಸ್ಪತ್ರೆಯ ಕಿರಣಗಳು

ನಮ್ಮ ಮಾತು ನಿಮ್ಮ ಮನೆ ತಲುಪುವುದು ರೇಡಿಯೋ ತರಂಗಗಳಿಂದ. ಅದೂ ಒಂದು ಬಗೆಯ ವಿಕಿರಣವೇ! ಗಾಬರಿ ಬೇಡ, ದೇಹದ ಅಣುಗಳನ್ನು ಒಡೆಯುವಷ್ಟು ಶಕ್ತಿ ಇವಕ್ಕಿಲ್ಲ. ಒಡೆಯಬಲ್ಲ ಕಿರಣಗಳು ಬೇರೆ ಇವೆ. ಅವುಗಳಿಗೂ ನಮ್ಮ ಹೈದರಾಬಾದಿಗೂ ಹಳೆಯ ನಂಟು.

ರೆಡ್ ಹಿಲ್ಸ್‌ನ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆಯನ್ನು ನೀವು ನೋಡಿರಬಹುದು. 1955ರಲ್ಲಿ ಶುರುವಾದಾಗ ಅದರ ಹೆಸರು ‘ರೇಡಿಯಂ ಇನ್‌ಸ್ಟಿಟ್ಯೂಟ್ ಮತ್ತು ಕ್ಯಾನ್ಸರ್ ಆಸ್ಪತ್ರೆ’. ಸ್ಥಾಪಿಸಿದವರು ಮೆಹದಿ ನವಾಜ್ ಜಂಗ್. 1960ರಲ್ಲಿ ಗುಜರಾತಿನ ಮೊದಲ ರಾಜ್ಯಪಾಲರಾದವರು. ಆಗ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳಿಗೂ ಹೈದರಾಬಾದೇ ರಾಜಧಾನಿ. 1956ರ ನವೆಂಬರ್ 1ರಂದು ಅವು ಮೈಸೂರು ರಾಜ್ಯಕ್ಕೆ ಸೇರಿದವು. ಆದರೂ ದೊಡ್ಡ ಕಾಯಿಲೆ ಬಂದಾಗ ಅಲ್ಲಿನ ಎಷ್ಟೋ ಜನ ಇಂದಿಗೂ ಹೈದರಾಬಾದಿನ ಬಸ್ಸು ಹತ್ತುತ್ತಾರೆ.

ರೇಡಿಯಂ ಎಂಬ ಹೆಸರೇಕೆ? ಕ್ಯೂರಿ ದಂಪತಿ 1898ರಲ್ಲಿ ಈ ಧಾತುವನ್ನು ಕಂಡುಹಿಡಿದರು. 1901ರಲ್ಲಿ ವಿಜ್ಞಾನಿ ಬೆಕೆರಲ್ ಅದರ ಪುಟ್ಟ ನಳಿಕೆಯೊಂದನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದರು. ಕೆಲವು ದಿನಗಳಲ್ಲಿ ಆ ಜಾಗದ ಚರ್ಮ ಸುಟ್ಟಂತಾಯಿತು. ಚರ್ಮವನ್ನು ಸುಡುವ ಕಿರಣ ಗಡ್ಡೆಯನ್ನೂ ಸುಡಬಹುದಲ್ಲವೇ? ವೈದ್ಯರು ರೇಡಿಯಂ ತುಂಬಿದ ಸೂಜಿಗಳನ್ನು ಗಡ್ಡೆಯೊಳಗೆ ಇಡತೊಡಗಿದರು.

ಇಂಥ ಕಿರಣಗಳಲ್ಲಿ ಮುಖ್ಯವಾಗಿ ಮೂರು ಬಗೆ. ಆಲ್ಫಾವನ್ನು ಒಂದು ಕಾಗದವೂ ತಡೆಯುತ್ತದೆ. ಆದರೆ ಅದನ್ನು ಸೂಸುವ ವಸ್ತು ಉಸಿರಿನಲ್ಲಿ, ಊಟದಲ್ಲಿ ಒಳಸೇರಿದರೆ ಬಹಳ ಅಪಾಯ. ಬೀಟಾ ಚರ್ಮವನ್ನು ಸುಡಬಲ್ಲದು. ತೆಳು ಅಲ್ಯೂಮಿನಿಯಂ ತಗಡು ಅದನ್ನು ತಡೆಯುತ್ತದೆ. ಗಾಮಾ ಮಾತ್ರ ಎಕ್ಸ್-ರೇಯಂತೆ ದೇಹದ ಒಳಹೊಕ್ಕು ಸಾಗುತ್ತದೆ. ಅದಕ್ಕೆ ಸೀಸ, ಕಾಂಕ್ರೀಟಿನ ದಪ್ಪ ಗೋಡೆಯೇ ಬೇಕು. ಸೂಜಿಯ ಲೋಹದ ಕವಚ ಆಲ್ಫಾವನ್ನು ತಡೆದು ಗಾಮಾವನ್ನು ಹೊರಬಿಡುತ್ತಿತ್ತು.

ಈ ಕಿರಣಗಳು ಜೀವಕೋಶದ ಡಿ.ಎನ್.ಎ.ಯನ್ನು ತುಂಡರಿಸುತ್ತವೆ. ಸ್ವಲ್ಪವಾದರೆ ಕೋಶ ತಾನೇ ಸರಿಪಡಿಸಿಕೊಳ್ಳುತ್ತದೆ. ಸರಿಪಡಿಕೆ ತಪ್ಪಿದರೆ ವರ್ಷಗಳ ನಂತರ ಕ್ಯಾನ್ಸರ್ ಬರಬಹುದು. ಒಮ್ಮೆಗೇ ಹೆಚ್ಚಾದರೆ ವಾಂತಿ, ರಕ್ತಕಣಗಳ ಕುಸಿತ, ಸಾವು. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಗುಜರಿ ಸೇರಿದ ಕೋಬಾಲ್ಟ್-60 ಒಬ್ಬರ ಜೀವ ತೆಗೆಯಿತು. ಅದೇ ಕೋಬಾಲ್ಟ್ 1951ರಿಂದ ಆಸ್ಪತ್ರೆಯ ಯಂತ್ರಗಳಲ್ಲಿ ಕೂತು ಜೀವ ಉಳಿಸುತ್ತಾ ಬಂದಿದೆ. ವ್ಯತ್ಯಾಸ ಇಷ್ಟೇ: ಎಷ್ಟು, ಎಲ್ಲಿಗೆ, ಎಷ್ಟು ಹೊತ್ತು ಎಂಬ ಲೆಕ್ಕ. ಕ್ಯಾನ್ಸರ್ ಕೋಶ ಬೇಗ ಚೇತರಿಸಿಕೊಳ್ಳದು, ಪಕ್ಕದ ಒಳ್ಳೆಯ ಕೋಶ ಚೇತರಿಸಿಕೊಳ್ಳುತ್ತದೆ. ಅದಕ್ಕೇ ಚಿಕಿತ್ಸೆಯನ್ನು ವಾರಗಟ್ಟಲೆ, ದಿನಕ್ಕೆ ಸ್ವಲ್ಪದಂತೆ ಕೊಡುವುದು.

ಊರಿನಿಂದ ನಿಮ್ಮ ಅತ್ತೆಯೋ ಚಿಕ್ಕಪ್ಪನೋ ‘ಕರೆಂಟ್ ಕೊಡಿಸಿಕೊಳ್ಳಲು’ ಬಂದು ನಿಮ್ಮ ಮನೆಯಲ್ಲಿ ಉಳಿದರೆ ಅವರ ತಟ್ಟೆ-ಲೋಟ ಬೇರೆ ಇಡಬೇಡಿ. ಹೊರಗಿನ ಯಂತ್ರದಿಂದ ಬರುವ ಕಿರಣ ಯಂತ್ರ ನಿಂತೊಡನೆ ಮುಗಿಯಿತು. ಮೈಯಲ್ಲಿ ಉಳಿಯದು, ಯಾರಿಗೂ ಅಂಟದು. ಅಯೋಡಿನ್‌ನಂಥ ವಿಕಿರಣ ಔಷಧಿ ಕುಡಿಸಿದ್ದರೆ ಕೆಲವು ದಿನ ದೂರವಿರಲು ವೈದ್ಯರೇ ಹೇಳುತ್ತಾರೆ. ಹೊರಗಿನ ಯಂತ್ರದ ಚಿಕಿತ್ಸೆಯಾದರೆ ಮಕ್ಕಳು ಅಜ್ಜಿಯ ತೊಡೆಯ ಮೇಲೆ ಧಾರಾಳವಾಗಿ ಕೂರಲಿ.