ಯಂತ್ರಗಳನ್ನು ಮಾಡುವ ಯಂತ್ರ

ಮೈಸೂರಿನಿಂದ ಕೃಷ್ಣರಾಜಸಾಗರಕ್ಕೆ ಹೋಗುವ ದಾರಿಯಲ್ಲಿ ಬೆಳಗೊಳವೆಂಬ ಗ್ರಾಮವಿದೆ. ಶ್ರೀರಂಗಪಟ್ಟಣದ ತಾಲ್ಲೂಕಿಗೆ ಸೇರಿದ ಈ ಊರಿಗೆ ಒಂದು ಕಡೆ ಕಾವೇರಿಯ ಅಣೆಕಟ್ಟು. ಇನ್ನೊಂದು ಕಡೆ, ಹೊಳೆಯ ಕೆಳಪಾತ್ರದಲ್ಲಿ, ಟಿಪ್ಪುಸುಲ್ತಾನನ ಕೋಟೆ. ಈ ಕೆಲವೇ ಮೈಲಿಗಳೊಳಗೆ ನಮ್ಮ ಕೈಗಾರಿಕೆಗಳ ಚರಿತ್ರೆಯ ಒಂದು ದೊಡ್ಡ ಪ್ರಶ್ನೆ ಅಡಗಿರುವುದು. ಪದಾರ್ಥಗಳನ್ನು ತಯಾರಿಸುವ ಯಂತ್ರಗಳನ್ನು ಪರದೇಶದಿಂದ ಕೊಂಡು ತಂದರೆ ಸಾಕೆ? ಅಥವಾ ಆ ಯಂತ್ರಗಳನ್ನೇ ತಯಾರಿಸುವ ಯಂತ್ರಗಳೂ, ಅದರ ವಿದ್ಯೆಯೂ ನಮ್ಮಲ್ಲಿಯೇ ಇರಬೇಕೆ?

ಚನ್ನಪಟ್ಟಣದ ಬಣ್ಣದ ಬೊಂಬೆಗಳನ್ನು ನಾವೆಲ್ಲರೂ ಕಂಡಿದ್ದೇವೆ. ಮರದ ತುಂಡು ತಿರುಗುತ್ತಿರಲು ಕುಶಲಿಯು ಉಳಿಯನ್ನು ಅದಕ್ಕೆ ತಾಗಿಸಿ ಬೇಕಾದ ಆಕಾರಕ್ಕೆ ಕಡೆಯುತ್ತಾನೆ. ಮರದ ಬದಲು ಉಕ್ಕನ್ನು ಹಿಡಿದು, ಉಳಿಯನ್ನು ಕೈಯಿಂದ ಬಿಡಿಸಿ ಯಂತ್ರದ ಜಾರುಪಟ್ಟಿಯ ಮೇಲೆ ಬಿಗಿದರೆ ಅದೇ ಲೋಹದ ಲೇತು. ಕಡೆಯುವ, ಕೊರೆಯುವ, ಕೆತ್ತುವ, ಅರೆದು ನಯಮಾಡುವ ಇಂಥ ಯಂತ್ರಗಳಿಗೆ ಯಂತ್ರೋಪಕರಣಗಳೆಂದು ಹೆಸರು. ರೈಲು, ಪಂಪು, ಮಗ್ಗ ಮೊದಲಾದುವೆಲ್ಲ ಇವುಗಳ ಸಂತಾನ. ತಾಯಿಯಲ್ಲಿ ಕೂದಲೆಳೆಯಷ್ಟು ವಕ್ರತೆಯಿದ್ದರೆ ಅದು ಮಕ್ಕಳೆಲ್ಲರಲ್ಲಿಯೂ ಕಾಣಿಸಿಕೊಳ್ಳುವುದು.

ಇದಕ್ಕೆ ಇಂಗ್ಲೆಂಡಿನ ಚರಿತ್ರೆಯೇ ಸಾಕ್ಷಿ. ಜೇಮ್ಸ್ ವಾಟನು 1769ರಲ್ಲಿ ತನ್ನ ಉಗಿಯಂತ್ರಕ್ಕೆ ಹಕ್ಕುಪತ್ರ ಪಡೆದನು. ಆದರೆ ಉಗಿ ಸೋರದಂತೆ ಸಿಲಿಂಡರನ್ನು ಕೊರೆದು ಕೊಡಬಲ್ಲವರು ಆಗ ಇರಲಿಲ್ಲ. ಜಾನ್ ವಿಲ್ಕಿನ್ಸನನು 1774ರಲ್ಲಿ ಫಿರಂಗಿಗಳನ್ನು ಕೊರೆಯುವ ಹೊಸ ವಿಧಾನಕ್ಕೆ ಹಕ್ಕುಪತ್ರ ಪಡೆದು, ಬಳಿಕ ಸಿಲಿಂಡರುಗಳನ್ನೂ ನಿಖರವಾಗಿ ಕೊರೆಯತೊಡಗಿದನು. ವಾಟನ ಕಲ್ಪನೆಗೆ ದೇಹ ದೊರೆತುದು ಆ ಮೇಲೆಯೇ. ಯುದ್ಧಕ್ಕಾಗಿ ಬೆಳೆದ ವಿದ್ಯೆಯು ಅಲ್ಲಿ ಗಣಿಗೂ ಗಿರಣಿಗೂ ಇಳಿಯಿತು.

ಅದೇ ಕಾಲದಲ್ಲಿ ಶ್ರೀರಂಗಪಟ್ಟಣವೂ ಸುಮ್ಮನಿರಲಿಲ್ಲ. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಫ್ರಾನ್ಸಿನ ಹದಿನಾರನೆಯ ಲೂಯಿಯ ಆಸ್ಥಾನವನ್ನು ಸೇರಿ, ಸೈನ್ಯದ ನೆರವಿನೊಡನೆ ಕುಶಲ ಕೆಲಸಗಾರರನ್ನೂ ಕೇಳಿದರು. 1800ರಲ್ಲಿ ಈ ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬ್ಯುಕಾನನ್ನನು ಇಲ್ಲಿಯ ಫಿರಂಗಿ ಕೊರೆಯುವ ಯಂತ್ರವನ್ನು ಕುರಿತು ಬರೆದು, ಅದು ಮೊದಲು ನೀರಿನ ಬಲದಿಂದ ನಡೆಯುತ್ತಿದ್ದಿತೆಂದು ತಿಳಿಸಿದ್ದಾನೆ. ಯಂತ್ರವಿತ್ತು, ಕೈಯಿತ್ತು, ಕಾವೇರಿಯ ನೀರೂ ಇತ್ತು. ಆದರೆ ಕೊಳ್ಳುವವನು ಅರಸನೊಬ್ಬನೇ, ಮಾಡಿಸುತ್ತಿದ್ದುದು ಯುದ್ಧಕ್ಕಾಗಿಯೇ. 1799ರ ಮೇ 4ರಂದು ಕೋಟೆ ಬಿದ್ದೊಡನೆ ವಿದ್ಯೆಯ ಆಶ್ರಯವೂ ಬಿದ್ದಿತು. ಕಂಪನಿಯವರು ಕೆಲವು ದಶಕಗಳವರೆಗೆ ಫಿರಂಗಿಯ ಗಾಡಿಗಳನ್ನು ಇಲ್ಲಿ ಮಾಡಿಸಿದರೂ ಕಡೆಗೆ ಆ ಕಾರ್ಖಾನೆಯೂ ಮದರಾಸಿಗೆ ಹೊರಟುಹೋಯಿತು. ನೇಗಿಲಿಗೂ ಗಾಣಕ್ಕೂ ಇಳಿಯದ ವಿದ್ಯೆಯು ಊರಿನಲ್ಲಿ ಬೇರೂರಲಿಲ್ಲ.

ಮುಂದೆ ನೂರು ವರ್ಷಗಳ ತರುವಾಯ ಮೈಸೂರು ಸಂಸ್ಥಾನವು ಬೇರೊಂದು ದಾರಿಯನ್ನು ಹಿಡಿಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಮೊದಲಾಯಿತು. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣ ಕರಗಿತು. ಬೆಳಗೊಳದಲ್ಲಿಯೇ 'ಮೈಸೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್' ಕಾರ್ಖಾನೆಯು ಹುಟ್ಟಿ, ಸಂಶ್ಲೇಷಣೆಯಿಂದ ಅಮೋನಿಯವನ್ನು ತಯಾರಿಸಿ ಗೊಬ್ಬರ ಮಾಡಿದ ಭಾರತದ ಮೊದಲಿಗರಲ್ಲಿ ಸೇರಿತು. ಇದು ಹೆಮ್ಮೆಯ ಸಂಗತಿಯೇ. ಆದರೂ ಅನಿಲಗಳನ್ನು ಅಪಾರವಾದ ಒತ್ತಡಕ್ಕೆ ತರುವ ಯಂತ್ರಗಳನ್ನು ಕಡೆದು ಕೊಡಬಲ್ಲ ಕಾರ್ಖಾನೆ ಆಗ ದೇಶದಲ್ಲಿರಲಿಲ್ಲ. ನೀರು ನಮ್ಮದು, ವಿದ್ಯುತ್ತು ನಮ್ಮದು, ಗೊಬ್ಬರವೂ ನಮ್ಮದು. ತಾಯಿಯಂತ್ರ ಮಾತ್ರ ಪರರದು.

ಎರಡನೆಯ ಮಹಾಯುದ್ಧದಲ್ಲಿ ಹಡಗುಗಳ ಸಂಚಾರ ಕುಂಠಿತವಾದಾಗ ಈ ಕೊರತೆಯ ನೋವು ಎಲ್ಲರಿಗೂ ತಿಳಿಯಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿಯು ಲೇತುಗಳ ತಯಾರಿಕೆಗೆಂದು ಸ್ಥಾಪಿತವಾಯಿತು. ಸ್ವಾತಂತ್ರ್ಯಾನಂತರ, 1953ರಲ್ಲಿ, ಸ್ವಿಟ್ಸರ್ಲೆಂಡಿನ ಅರ್ಲಿಕಾನ್ ಸಂಸ್ಥೆಯ ನೆರವಿನಿಂದ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಅರ್ಥಾತ್ ಎಚ್.ಎಂ.ಟಿ., ಹುಟ್ಟಿತು. ಬಳಿಕ ಪಿಂಜೋರ್, ಕಳಮಶ್ಶೇರಿ, ಹೈದರಾಬಾದುಗಳಿಗೂ ಅದು ಹಬ್ಬಿತು. 1962ರಲ್ಲಿ ಬೆಂಗಳೂರಿನಲ್ಲಿ ಕೇಂದ್ರ ಯಂತ್ರೋಪಕರಣ ಸಂಸ್ಥೆಯು ಸಂಶೋಧನೆಗಾಗಿ ಏರ್ಪಟ್ಟಿತು. ಜನರು ಎಚ್.ಎಂ.ಟಿ.ಯನ್ನು ಕೈಗಡಿಯಾರದಿಂದ ಬಲ್ಲರು. ಆದರೆ ಅದರ ನಿಜವಾದ ಸಾಹಸವು ಗಡಿಯಾರದಲ್ಲಿರಲಿಲ್ಲ, ಲೇತಿನಲ್ಲಿತ್ತು.

ಈ ಏಳಿಗೆ ನಿಲ್ಲಲಿಲ್ಲವೇಕೆ? ಗಣಕದ ಆಜ್ಞೆಯಂತೆ ನಡೆಯುವ ಯಂತ್ರಗಳು ಲೋಕದಲ್ಲಿ ಹರಡುತ್ತಿದ್ದ ಕಾಲಕ್ಕೆ, ಆಮದಿನ ಸ್ಪರ್ಧೆಯಿಲ್ಲದ ಮಾರುಕಟ್ಟೆಯಲ್ಲಿ ಬೆಳೆದ ಸಂಸ್ಥೆಗೆ ಆ ವೇಗ ಒಗ್ಗಲಿಲ್ಲ. 1991ರ ಬಳಿಕ ಬಾಗಿಲು ತೆರೆದಾಗ ಹೊರಗಿನ ಯಂತ್ರಗಳು ಒಳಬಂದುವು. ಹರಿಹರದ ಕಾರ್ಖಾನೆ ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಮುಚ್ಚಿತು, ಎಚ್.ಎಂ.ಟಿ.ಯ ಗಡಿಯಾರ ಹಾಗೂ ಟ್ರಾಕ್ಟರು ವಿಭಾಗಗಳನ್ನು ಮುಚ್ಚಲು 2016ರಲ್ಲಿ ನಿರ್ಧಾರವಾಯಿತು. ಶ್ರೀರಂಗಪಟ್ಟಣದಲ್ಲಿ ಅರಸನೊಬ್ಬನನ್ನೇ ನಂಬಿದ ವಿದ್ಯೆಗೆ ಬಂದ ಗತಿಯೇ, ರಕ್ಷಿತವಾದ ಮಾರುಕಟ್ಟೆಯೊಂದನ್ನೇ ನಂಬಿದ ವಿದ್ಯೆಗೂ ಬಹುಮಟ್ಟಿಗೆ ಬಂದಿತು.

ಆದರೂ ಬೇರು ಒಣಗಿಲ್ಲ. ಬೆಂಗಳೂರು, ತುಮಕೂರುಗಳಲ್ಲಿ ಖಾಸಗಿ ಕಾರ್ಖಾನೆಗಳು ಇಂದು ಉತ್ತಮವಾದ ಯಂತ್ರಗಳನ್ನು ಮಾಡುತ್ತಿವೆ. 2024ರಲ್ಲಿ ಮಂಡ್ಯದಿಂದ ಲೋಕಸಭೆಗೆ ಆರಿಸಿಬಂದ ಶ್ರೀ ಎಚ್. ಡಿ. ಕುಮಾರಸ್ವಾಮಿಯವರು ಕೇಂದ್ರದ ಬೃಹತ್ ಕೈಗಾರಿಕಾ ಖಾತೆಯನ್ನು ವಹಿಸಿಕೊಂಡ ಮೇಲೆ ಎಚ್.ಎಂ.ಟಿ.ಯ ಪುನರುಜ್ಜೀವನದ ಮಾತು ಮತ್ತೆ ಕೇಳಿಬಂದಿತು. ಈ ಮಾತು ಜಮೀನು, ಕಟ್ಟಡ, ಹಣಗಳಲ್ಲಿಯೇ ಮುಗಿಯಬಾರದು. ನಮ್ಮಲ್ಲಿ ತಯಾರಾಗುವ ಯಂತ್ರಗಳಿಗೂ ಅವುಗಳ ಮಿದುಳಾದ ನಿಯಂತ್ರಕಗಳು ಹೆಚ್ಚಾಗಿ ಜಪಾನು, ಜರ್ಮನಿಗಳ ಕಂಪನಿಗಳಿಂದಲೇ ಬರುತ್ತಿವೆ. ಆ ವಿದ್ಯೆಯನ್ನು ನಮ್ಮದಾಗಿಸಿಕೊಳ್ಳದ ಪುನರುಜ್ಜೀವನವು ಅರ್ಧದ ಕೆಲಸವೇ ಸರಿ.

ಇನ್ನರ್ಧ ಕೈಯ ಕೆಲಸ. ಲೇತಿನ ಜಾರುಪಟ್ಟಿಯನ್ನು ಸಮಗೊಳಿಸುವ ಕುಶಲಿಯು ಸರಿಯಾದ ಸಮತಲಕ್ಕೆ ನೀಲಿಬಣ್ಣ ಸವರಿ, ಪಟ್ಟಿಯನ್ನು ಅದಕ್ಕೆ ಉಜ್ಜಿ, ಬಣ್ಣ ಹತ್ತಿದ ಉಬ್ಬುಗಳನ್ನು ಮಾತ್ರ ಹೆರೆಯುತ್ತಾನೆ. ಮತ್ತೆ ಸವರಿ ಮತ್ತೆ ಹೆರೆಯುತ್ತಾನೆ. ಪುಸ್ತಕದಿಂದ ಇದು ಬರುವುದಿಲ್ಲ. ಹಿರಿಯನ ಬಳಿ ವರ್ಷಗಟ್ಟಲೆ ನಿಂತು ಕಲಿಯಬೇಕು. ಒಂದು ತಲೆಮಾರು ತಪ್ಪಿದರೆ ಕೊಂಡಿ ಕಳಚಿತು. ಇಂದು ಬೆಳಗೊಳದಲ್ಲಿ ಕೈಗಾರಿಕಾ ಪ್ರದೇಶವಿದೆ. ಸುತ್ತಲ ಹಳ್ಳಿಗಳ ರೈತಮಕ್ಕಳು ಕೆಲಸ ಅರಸುತ್ತಿದ್ದಾರೆ. ಯಂತ್ರದ ಗುಂಡಿಯನ್ನು ಒತ್ತುವುದನ್ನಷ್ಟೇ ಅವರಿಗೆ ಕಲಿಸಿದರೆ ಯಂತ್ರ ಹಳತಾದ ದಿನ ಅವರೂ ಹಳಬರಾಗುವರು. ಯಂತ್ರವನ್ನು ಮಾಡುವುದನ್ನು ಕಲಿಸಿದರೆ, ಎರಡು ಶತಮಾನಗಳ ಹಿಂದೆ ಇದೇ ಹೊಳೆಯ ದಡದಲ್ಲಿ ಕಡಿದುಹೋದ ವಿದ್ಯೆಯು ಈ ಸಲ ಊರಿನಲ್ಲಿಯೇ ಉಳಿಯುವುದು.