ವಿಜಾಪುರದ ಗಂಜೂ ನಮ್ಮ ಅಡಿಗೆಮನೆಯ ನಲ್ಲಿಯೂ



ಅಂಗಳಕ್ಕೆ ನಲ್ಲಿ ಬಂತು, ಇನ್ನು ಅಡಿಗೆಮನೆಯ ಸಿಂಕಿಗೂ ಒಂದು ಕೊಳವೆ ಎಳೆಸೋಣ ಎಂಬ ಮಾತು ಈಗ ಎಷ್ಟೋ ಮನೆಗಳಲ್ಲಿ ನಡೆದಿದೆ. ಆಗಲಿ, ಎಳೆಸಿ. ಆದರೆ ಕೊಳವೆಯ ನೀರು ನಿನ್ನೆ ಮೊನ್ನೆಯದೆಂದು ತಿಳಿಯಬೇಡಿ.

ವಿಜಾಪುರ, ಅಂದರೆ ಈಗಿನ ವಿಜಯಪುರ, ಮಳೆ ಕಡಿಮೆಯ ಊರು. ಆದಿಲಶಾಹಿ ಅರಸರ ಕಾಲಕ್ಕೆ ಅಲ್ಲಿ ಜನ ತುಂಬಿದ್ದರು. ಪಶ್ಚಿಮದ ತೊರವಿಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ತಂದರು. ಅದೂ ಸಾಲದಾಯಿತು. 1651ರಲ್ಲಿ ಮುಹಮ್ಮದ್ ಆದಿಲಶಾಹ ಊರ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿದ. ಅಲ್ಲಿಂದ ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದಕ್ಕೊಂದು ಸಿಕ್ಕಿಸಿ, ಸುತ್ತ ಗಚ್ಚು ಹಾಕಿ, ಊರೊಳಕ್ಕೆ ನೀರು ಹರಿಸಿದರು.

ಮಣ್ಣಿನ ಕೊಳವೆ ಎಷ್ಟು ಒತ್ತಡ ತಡೆದೀತು ಹೇಳಿ? ಅದಕ್ಕೇ ದಾರಿಯಲ್ಲಿ ಅಲ್ಲಲ್ಲಿ ಗೋಪುರ ಕಟ್ಟಿದರು. ಅದರ ಹೆಸರು ಗಂಜ್. (ನಾವು ಕುಡಿಯುವ ಗಂಜಿಯಲ್ಲ!) ನೀರು ಗೋಪುರದೊಳಗೆ ಮೇಲೇರಿ, ಗಾಳಿಗೆ ತೆರೆದುಕೊಂಡು, ಮತ್ತೆ ಮುಂದಿನ ಕೊಳವೆಗೆ ಇಳಿಯುತ್ತಿತ್ತು. 30 ಅಡಿ ಎತ್ತರದ ನೀರಿನ ಭಾರ ಚದರ ಅಂಗುಲಕ್ಕೆ ಸುಮಾರು 13 ಪೌಂಡು. ಒತ್ತಡ ಅಲ್ಲಿಗೇ ನಿಲ್ಲುತ್ತಿತ್ತು, ಕೊಳವೆ ಒಡೆಯುತ್ತಿರಲಿಲ್ಲ. ಕೆಸರು ಗಂಜಿನ ತಳದಲ್ಲೇ ಕೂರುತ್ತಿತ್ತು. ಒಂದೇ ಕಟ್ಟಡಕ್ಕೆ ಎರಡು ಕೆಲಸ. ಗೋಳಗುಮ್ಮಟ ನೋಡಹೋದವರು ಈ ಮೋಟು ಗೋಪುರಗಳತ್ತ ತಿರುಗಿಯೂ ನೋಡುವುದಿಲ್ಲ. ನನಗಂತೂ ಇವೂ ಅಷ್ಟೇ ದೊಡ್ಡವು.

2019ರಲ್ಲಿ ಜಲಜೀವನ ಯೋಜನೆ ಆರಂಭವಾಯಿತು. ತಲೆಗೆ ದಿನಕ್ಕೆ 55 ಲೀಟರ್ ನೀರು ಅದರ ಲೆಕ್ಕ. ನಮ್ಮೂರ ಮೇಲ್ತೊಟ್ಟಿಯೂ ಗಂಜಿನ ಹಾಗೆಯೇ ಎತ್ತರದ ಬಲದಿಂದ ನೀರು ಕೊಡುತ್ತದೆ. ಅದು ಸಾಲದೆಂದು ಕೆಲವರು ಬೀದಿಯ ಕೊಳವೆಗೇ ಮೋಟಾರು ಹಚ್ಚುತ್ತಾರೆ. ಇದು ಬೇಡವೇ ಬೇಡ. ಕೊನೆಯ ಮನೆಯ ತಾಯಿ ಖಾಲಿ ಕೊಡ ಹಿಡಿದು ಕೂರುವುದು ಒಂದು ಕಡೆ. ಮೋಟಾರು ಎಳೆದಾಗ ಕೊಳವೆಯ ಬಿರುಕಿನಿಂದ ಚರಂಡಿ ನೀರು ಒಳಸೇರುವುದು ಇನ್ನೊಂದು ಕಡೆ. ಕುಡಿದ ಮಕ್ಕಳಿಗೆ ವಾಂತಿಭೇದಿ ತಪ್ಪಿದ್ದಲ್ಲ.

ಸಿಂಕಿನಲ್ಲೂ ಹಾಗೆಯೇ. ನಲ್ಲಿಯ ಬಾಯಿ ಸಿಂಕಿನ ಅಂಚಿಗಿಂತ ಎರಡು ಅಂಗುಲವಾದರೂ ಮೇಲಿರಲಿ. ನಲ್ಲಿಗೆ ರಬ್ಬರು ಕೊಳವೆ ಸಿಕ್ಕಿಸಿ ಮುಸುರೆ ನೀರಲ್ಲಿ ಮುಳುಗಿಸಿಟ್ಟರೆ, ಬೀದಿಯಲ್ಲಿ ನೀರು ನಿಂತ ಗಳಿಗೆ ಆ ಮುಸುರೆ ಕುಡಿಯುವ ಕೊಳವೆಗೇ ಹಿಂದಕ್ಕೆ ಸರಿದೀತು. ಸಿಂಕಿನ ಕೆಳಗೆ ನೀರು ನಿಲ್ಲಿಸುವ ಒಂದು ವಾಲ್ವು ಹಾಕಿಸಿ. ವಾಷರು ಸವೆದರೆ ಬೀದಿಯ ನೀರನ್ನೆಲ್ಲ ನಿಲ್ಲಿಸಬೇಕಾಗಿಲ್ಲ. ಜೋಡಿಸುವ ಮೊದಲು ಒಂದೆರಡು ಕೊಡ ನೀರು ಹರಿಯಬಿಡಿ, ಹೊಸ ಕೊಳವೆಯ ಮಣ್ಣು, ಪ್ಲಾಸ್ಟಿಕ್ ಚೂರು ಹೋಗಲಿ. ಆ ನೀರು ಕರಿಬೇವಿನ ಬುಡಕ್ಕಾಯಿತು.