ಕುಷ್ಠರೋಗಿಗಳ ಪರಿಚರ್ಯೆ: ಕ್ರೈಸ್ತ ಸೇವಾಪರಂಪರೆಯಲ್ಲಿ

ಕುಷ್ಠರೋಗಿಗಳ ಪರಿಚರ್ಯೆಯು ಕ್ರೈಸ್ತಧರ್ಮದ ಅತ್ಯಂತ ಪ್ರಾಚೀನವಾದ ಸೇವಾಕಾರ್ಯಗಳಲ್ಲೊಂದು. ಆ ಧರ್ಮದ ಒಳಗೇ ನಡೆದುಬಂದ ಒಂದು ದೀರ್ಘವಾದ ವಿವಾದದ ಕ್ಷೇತ್ರವೂ ಹೌದು. ಚರ್ಮದ ಮೇಲೆ ಕೆಲವು ಬಗೆಯ ಮಚ್ಚೆಗಳು ಕಂಡವನನ್ನು ಯಾಜಕನು ಪರೀಕ್ಷಿಸಿ ಅಶುಚಿಯೆಂದು ಸಾರತಕ್ಕದ್ದೆಂದೂ, ಅಂಥವನು ಹರಿದ ಬಟ್ಟೆಯುಟ್ಟು ತಲೆಗೆದರಿಕೊಂಡು ಪಾಳೆಯದ ಹೊರಗೆ ಒಬ್ಬಂಟಿಯಾಗಿ ವಾಸಿಸತಕ್ಕದ್ದೆಂದೂ ಹಳೆಯ ಒಡಂಬಡಿಕೆಯ ಯಾಜಕಕಾಂಡ ವಿಧಿಸುತ್ತದೆ. ಅಲ್ಲಿ ಹೇಳಿದ ವ್ಯಾಧಿ ಇಂದಿನ ವೈದ್ಯರು ಕುಷ್ಠವೆಂದು ಗುರುತಿಸುವ ರೋಗವೇ ಎಂಬುದನ್ನು ವಿದ್ವಾಂಸರು ಬಹುಮಟ್ಟಿಗೆ ಒಪ್ಪುವುದಿಲ್ಲವಾದರೂ, ಮಿರ್ಯಾಮ, ಗೇಹಜಿ, ಉಜ್ಜೀಯ ಇವರ ಕಥೆಗಳಲ್ಲಿ ಅದು ದೈವದಂಡನೆಯಾಗಿಯೇ ಬಂದಿರುವುದರಿಂದ, ರೋಗಿಯನ್ನು ಕಂಡೊಡನೆ ಅವನ ಪಾಪವನ್ನು ಅರಸುವ ಅಭ್ಯಾಸಕ್ಕೆ ಶಾಸ್ತ್ರದ ಆಧಾರವೊಂದು ದೊರೆತಂತಾಯಿತು. ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಾದರೊ ಯೇಸುವು ಇಂಥ ರೋಗಿಯೊಬ್ಬನನ್ನು, ಗುಣವಾಗುವುದಕ್ಕೆ ಮುಂಚೆಯೇ, ಕೈಚಾಚಿ ಮುಟ್ಟುತ್ತಾನೆ. ಮುಂದಣ ಶತಮಾನಗಳಲ್ಲಿ ಈ ಎರಡು ಪಾಠಗಳಿಗೂ ಅನುಯಾಯಿಗಳು ದೊರೆತರು. ಎಷ್ಟೋ ವೇಳೆ ಒಂದೇ ಊರಿನಲ್ಲಿ, ಒಂದೇ ಇಗರ್ಜಿಯಲ್ಲಿ.

ಸ್ಥಿರವಾದ ಸಂಸ್ಥೆಯ ರೂಪದಲ್ಲಿ ಈ ಪರಿಚರ್ಯೆಯನ್ನು ನಾಲ್ಕನೆಯ ಶತಮಾನದ ಕಪ್ಪದೋಕ್ಯದಲ್ಲಿ ಕಾಣುತ್ತೇವೆ. ಕ್ಷಾಮಕಾಲದಲ್ಲಿ ತಾನೇ ನಿಂತು ಹಸಿದವರಿಗೆ ಅನ್ನವಿಕ್ಕಿದ್ದ ಬಸಿಲನು, 370ರಲ್ಲಿ ಕೈಸರೈಯದ ಬಿಷಪನಾದ ತರುವಾಯ, ನಗರದ ಹೊರವಲಯದಲ್ಲಿ ಪಥಿಕರಿಗೂ ರೋಗಿಗಳಿಗೂ ನಿರ್ಗತಿಕರಿಗೂ ಆಶ್ರಯವಾಗುವ ವಿಸ್ತಾರವಾದ ಗೃಹಸಮುಚ್ಚಯವೊಂದನ್ನು ಕಟ್ಟಿಸಿದನು; ವೈದ್ಯರು, ಉಪಚಾರಕರು, ಹೊರೆ ಹೊರುವ ಪಶುಗಳು, ನಾನಾ ಕಸುಬಿನವರು ಎಲ್ಲರಿಗೂ ಅಲ್ಲಿ ಎಡೆಯಿದ್ದಿತೆಂಬುದು ಪ್ರಾಂತಾಧಿಪತಿಯಾದ ಏಲಿಯನಿಗೆ ಅವನು ಬರೆದ ಸಮರ್ಥನೆಯ ಪತ್ರದಿಂದ ತಿಳಿದುಬರುತ್ತದೆ. (ಸತ್ಕಾರ್ಯಕ್ಕೂ ಅಧಿಕಾರಿಗಳ ಮುಂದೆ ಸಮಜಾಯಿಷಿ ಹೇಳಬೇಕಾಗಿ ಬರುವುದು ಹೊಸ ಸಂಗತಿಯಲ್ಲ.) ಕುಲೀನನಾದ ಬಸಿಲನು ಕುಷ್ಠರೋಗಿಗಳನ್ನು ಸಹೋದರರೆಂದು ಮುತ್ತಿಟ್ಟು ಬರಮಾಡಿಕೊಳ್ಳುತ್ತಿದ್ದುದನ್ನು ಅವನ ಮಿತ್ರ ನಾಜಿಯಾನ್ಜಸಿನ ಗ್ರೆಗೊರಿ ತನ್ನ ಚರಮಭಾಷಣದಲ್ಲಿ ವಿಶೇಷವಾಗಿ ಸ್ಮರಿಸಿದ್ದಾನೆ.

ಮಧ್ಯಯುಗದ ಯೂರೋಪಿನಲ್ಲಿ ಪಟ್ಟಣಗಳ ಹೊರಗೆ ಕುಷ್ಠಾಲಯಗಳು ಹೇರಳವಾಗಿ ಹುಟ್ಟಿಕೊಂಡವು. ಜೆರೂಸಲೆಮಿನಲ್ಲಿ ಸಂತ ಲಾಜರನ ಹೆಸರಿನ ಪಂಗಡವು ರೋಗಪೀಡಿತರಾದ ನೈಟರನ್ನೇ ತನ್ನೊಳಗೆ ಸೇರಿಸಿಕೊಂಡಿತು. 1179ರ ಮೂರನೆಯ ಲ್ಯಾಟರನ್ ಧರ್ಮಸಭೆಯು, ದಯೆಯಿಲ್ಲದೆ ಅಡ್ಡಿಬರುತ್ತಿದ್ದ ಪಾದ್ರಿಗಳನ್ನೇ ಆಕ್ಷೇಪಿಸಿ, ರೋಗಿಗಳಿಗೆ ಪ್ರತ್ಯೇಕವಾದ ಇಗರ್ಜಿ, ಶ್ಮಶಾನ ಮತ್ತು ಯಾಜಕನನ್ನು ಹೊಂದುವ ಹಕ್ಕನ್ನೂ, ಅವರ ತೋಟ ಮತ್ತು ಪಶುಗಳ ಮೇಲಣ ದಶಮಾಂಶದಿಂದ ವಿನಾಯಿತಿಯನ್ನೂ ಕೊಟ್ಟಿತು. 1226ರಲ್ಲಿ ಮಡಿದ ಅಸ್ಸೀಸಿಯ ಫ್ರಾನ್ಸಿಸನು ತನ್ನ ಅಂತಿಮ ಶಾಸನದಲ್ಲಿ ತನ್ನ ಬಾಳಿನ ತಿರುವನ್ನು ಗುರುತಿಸುವುದು ಈ ರೋಗಿಗಳ ನಡುವೆ ತಾನು ಕಳೆದ ದಿನಗಳಲ್ಲಿ. ಇಷ್ಟಾದ ಮೇಲೂ 1321ರಲ್ಲಿ ಫ್ರಾನ್ಸಿನ ಕುಷ್ಠರೋಗಿಗಳ ಮೇಲೆ ಬಾವಿಗಳಿಗೆ ವಿಷ ಬೆರೆಸಿದರೆಂಬ ಮಿಥ್ಯಾರೋಪವನ್ನು ಹೊರಿಸಿ ಅನೇಕರನ್ನು ಜೀವಸಹಿತ ಸುಟ್ಟರು.

1873 ಈ ಇತಿಹಾಸದಲ್ಲಿ ಎರಡು ಕಾರಣಗಳಿಂದ ಗಣ್ಯವಾದ ವರ್ಷ. ನಾರ್ವೆಯ ಬರ್ಗೆನ್ ನಗರದಲ್ಲಿ ಹ್ಯಾನ್ಸೆನ್ ಎಂಬ ವೈದ್ಯನು ರೋಗಕಾರಕವಾದ ದಂಡಾಣುವನ್ನು ಕಂಡನು. ಅಲ್ಲಿಗೆ ಪಾಪದ ವಾದವು ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಬೆಲ್ಜಿಯಮ್ಮಿನ ಡೇಮಿಯನ್ ಎಂಬ ಪಾದ್ರಿ ಹವಾಯಿಯ ಮೊಲೊಕಾಯ್ ದ್ವೀಪಕ್ಕೆ ಹೋಗಿ, 1865ರ ಶಾಸನದ ಬಲದಿಂದ ಸರ್ಕಾರವು ಅಲ್ಲಿಗೆ ಗಡೀಪಾರು ಮಾಡಿದ್ದ ರೋಗಿಗಳ ನಡುವೆ ನೆಲಸಿದನು. ಮನೆ ಕಟ್ಟಿದನು, ನೀರಿನ ಕೊಳವೆ ತರಿಸಿದನು, ಹುಣ್ಣು ಕಟ್ಟಿದನು, ಶವಪೆಟ್ಟಿಗೆಯನ್ನೂ ತಾನೇ ಮಾಡಿದನು; ಅವರೊಡನೆ ಒಂದೇ ಬಟ್ಟಲಿನಲ್ಲಿ ಉಂಡನು. ಕೊನೆಗೆ ಬಿಸಿನೀರು ಕಾಲನ್ನು ಸುಟ್ಟರೂ ನೋವು ತಿಳಿಯದೆ ಹೋದಾಗ ರೋಗವು ತನಗೂ ಅಂಟಿದುದು ಅವನಿಗೆ ಖಚಿತವಾಯಿತು. 1889ರ ಏಪ್ರಿಲ್ 15ರಂದು ಅಲ್ಲಿಯೇ ತೀರಿಕೊಂಡನು. ಹೊನೊಲುಲುವಿನ ಪ್ರಾಟೆಸ್ಟಂಟ್ ಪಾದ್ರಿ ಹೈಡ್ ಎಂಬಾತನು ಸಹೋದ್ಯೋಗಿಯೊಬ್ಬನಿಗೆ ಬರೆದ ಕಾಗದದಲ್ಲಿ, ಸತ್ತವನು ಒರಟ, ಕೊಳಕ, ಹಟಮಾರಿ ಎಂದು ಹಳಿದು, ರೋಗವು ಅವನ ದುರ್ನಡತೆಯ ಫಲವೆಂದು ಸೂಚಿಸಿದನು. ಆ ದ್ವೀಪದಲ್ಲಿ ತಂಗಿ ಬಂದಿದ್ದ ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ 1890ರಲ್ಲಿ ಬರೆದ ಬಹಿರಂಗ ಪತ್ರವು ಇದಕ್ಕೆ ಕೊಟ್ಟ ಉತ್ತರ. ಸ್ಟೀವನ್‌ಸನ್ ಡೇಮಿಯನ್ನನ ದೋಷಗಳನ್ನು ಅಲ್ಲಗಳೆಯುವುದಿಲ್ಲ. ಒರಟುತನವನ್ನೂ ಸಂಕುಚಿತ ಮತಾಭಿಮಾನವನ್ನೂ ಒಪ್ಪಿಕೊಂಡೇ, ಅಂಥವನು ಹೋದ ಸ್ಥಳಕ್ಕೆ ಹೈಡನು ಹೋಗದೆ ತನ್ನ ಸುಖಾವಾಸದಲ್ಲಿ ಉಳಿದುದನ್ನು ಎತ್ತಿ ತೋರಿಸುತ್ತಾನೆ. ಸ್ತೋತ್ರಪಾಠಗಳಿಗಿಂತ ಈ ಬಗೆಯ ಸಮರ್ಥನೆಯೇ ಡೇಮಿಯನ್ನನ ಹಿರಿಮೆಯನ್ನು ಹೆಚ್ಚು ನಂಬುವಂತೆ ಮಾಡಿತು. 2009ರಲ್ಲಿ ರೋಮಿನ ಸಭೆ ಅವನನ್ನು ಸಂತನೆಂದು ಘೋಷಿಸಿತು.

ಭಾರತದಲ್ಲಿ 1869ರ ಸುಮಾರಿಗೆ ಅಂಬಾಲದ ಕುಷ್ಠಾಶ್ರಮವನ್ನು ಕಂಡು ಮನಕರಗಿದ ಐರಿಷ್ ಉಪಾಧ್ಯಾಯ ವೆಲ್ಲೆಸ್ಲಿ ಬೇಯ್ಲಿಯ ಪ್ರಯತ್ನದಿಂದ 1874ರಲ್ಲಿ ಡಬ್ಲಿನ್ನಿನಲ್ಲಿ ಕುಷ್ಠರೋಗಿಗಳ ಮಿಷನ್ ಸ್ಥಾಪಿತವಾಯಿತು. ಕರ್ನಾಟಕದ ಮಟ್ಟಿಗೆ ಮೊದಲು ನೆನೆಯಬೇಕಾದ ಹೆಸರು ಮಂಗಳೂರಿನ ಫಾದರ್ ಅಗಸ್ಟಸ್ ಮುಲ್ಲರರದು. ಜೆಸ್ವಿತ್ ಪಂಗಡದವರೊಡನೆ ಬಂದ ಈ ಜರ್ಮನ್ ಪಾದ್ರಿ 1880ರಲ್ಲಿ ಬಡವರಿಗೆ ಹೋಮಿಯೊಪತಿ ಗುಳಿಗೆ ಹಂಚತೊಡಗಿ, ತಾವು ಸಿದ್ಧಪಡಿಸಿ ಮಾರಿದ ಔಷಧಗಳ ಆದಾಯದಿಂದಲೇ ಕಂಕನಾಡಿಯ ಸೇವಾಸಂಸ್ಥೆಗಳನ್ನು ಪೋಷಿಸಿದರು. 1890ರಲ್ಲಿ ಅಲ್ಲಿಯೇ ಕುಷ್ಠಾಶ್ರಮವನ್ನು ತೆರೆದರು. ರೋಗವನ್ನು ನಿರ್ಮೂಲಮಾಡಬಲ್ಲ ಮದ್ದು ಆಗ ಯಾವ ಪದ್ಧತಿಯಲ್ಲಿಯೂ ಇರಲಿಲ್ಲವಾದುದರಿಂದ, ಆಶ್ರಮವು ಕೊಡಬಹುದಾಗಿದ್ದುದು ಅನ್ನ, ಸೂರು, ಹುಣ್ಣಿಗೆ ಶುಚಿಯಾದ ಬಟ್ಟೆ. ಈ ಕಾಲದ ಆಶ್ರಮಗಳಿಗೆ ಒಂದು ಕುಂದೂ ಇದ್ದಿತು: ಅನೇಕ ಕಡೆ ಗಂಡುಹೆಣ್ಣುಗಳನ್ನು ಅಗಲಿಸಿ, ಮಕ್ಕಳನ್ನು ತಾಯಿತಂದೆಗಳಿಂದ ದೂರವಿರಿಸಿ, ಕರುಣೆಯ ಹೆಸರಿನಲ್ಲಿಯೇ ಹಳೆಯ ಬಹಿಷ್ಕಾರವನ್ನು ಮುಂದುವರಿಸಿದಂತಾಯಿತು. 1898ರ ಬ್ರಿಟಿಷ್ ಶಾಸನವು ಭಿಕ್ಷುಕ ರೋಗಿಗಳನ್ನು ಹಿಡಿದು ಆಶ್ರಮಗಳಿಗೆ ಸೇರಿಸಲು ಅವಕಾಶ ಕೊಟ್ಟಿತು.

ಆಶ್ರಮದ ಗೋಡೆಯನ್ನು ನಿಜವಾಗಿ ಅಲುಗಿಸಿದವರಲ್ಲಿ ಪಾಲ್ ಬ್ರ್ಯಾಂಡ್ ಪ್ರಮುಖರು. ಮಿಷನರಿ ದಂಪತಿಗಳ ಮಗನಾಗಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಬೆಳೆದು, 1946ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ ಶಸ್ತ್ರವೈದ್ಯರಾಗಿ ಬಂದ ಅವರು, ಚೆಂಗಲ್ಪಟ್ಟಿನ ಕುಷ್ಠಾಲಯದಲ್ಲಿ ಮಡಿಚಿಕೊಂಡ ಬೆರಳುಗಳ ರೋಗಿಯೊಬ್ಬನಿಗೆ ತಮ್ಮ ಕೈಯನ್ನು ಹಿಸುಕಿ ನೋಡೆಂದರು. ನಿಶ್ಶಕ್ತವೆಂದು ಭಾವಿಸಿದ್ದ ಆ ಕೈ ಹಿಡಿದ ಬಿಗಿಗೆ ಅವರೇ ನೋವಿನಿಂದ ಕೂಗಿಕೊಳ್ಳುವಂತಾಯಿತು. ಸತ್ವವುಳಿದ ಸ್ನಾಯುಗಳ ಕಂಡರಗಳನ್ನು ಸ್ಥಳಾಂತರಿಸಿ ಬೆರಳುಗಳನ್ನು ಬಿಡಿಸುವ ಶಸ್ತ್ರಕ್ರಿಯೆಯ ಮೂಲ ಇದು. ಬೆರಳು ಉದುರುವುದು ಮಾಂಸ ತಾನಾಗಿ ಕೊಳೆಯುವುದರಿಂದಲ್ಲ, ಸ್ಪರ್ಶಜ್ಞಾನವಿಲ್ಲದ ಕೈಗೆ ಗಾಯ ತಿಳಿಯದಿರುವುದರಿಂದ ಎಂಬುದನ್ನೂ ಅವರು ಒಂದೊಂದೇ ಹುಣ್ಣಿನ ಕಾರಣವನ್ನು ಹುಡುಕಿ ತೋರಿಸಿದರು. ರಾತ್ರಿ ಮಲಗಿದವರ ಬೆರಳು ಬೆಳಗಾಗುವಷ್ಟರಲ್ಲಿ ಮೊಟಕಾಗುತ್ತಿದ್ದುದಕ್ಕೆ ಕಾರಣ ಇಲಿಗಳೆಂದು ಪತ್ತೆಯಾದಾಗ, ವೆಲ್ಲೂರಿನ ರೋಗಿಗಳಿಗೆ ಕೊಟ್ಟ ಔಷಧ ಬೆಕ್ಕು! ಶತಮಾನಗಳ ಕಾಲ ಶಾಪವೆಂದು ಕರೆದುದರ ಬಹುಪಾಲು ಹೀಗೆ ಇಲಿ, ಬಿಸಿ ಪಾತ್ರೆ, ಚಪ್ಪಲಿಯ ಮೊಳೆಗಳ ಲೆಕ್ಕಕ್ಕೆ ಇಳಿಯಿತು. ಗುಣವಾದವರಿಗೆ ಕಸುಬು ಕಲಿಸಲು ನವಜೀವನಗರವೆಂಬ ನೆಲೆ ಹುಟ್ಟಿತು; ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡ ಡಾ. ಮೇರಿ ವರ್ಗೀಸ್ ಗಾಲಿಕುರ್ಚಿಯಲ್ಲಿ ಕುಳಿತೇ ಇಂಥ ಕೈಗಳಿಗೆ ಶಸ್ತ್ರಕ್ರಿಯೆ ನಡೆಸಿದರು.

1940ರ ದಶಕದ ಸಲ್ಫೋನ್ ಔಷಧಗಳೂ 1980ರ ದಶಕದ ಬಹು ಔಷಧ ಚಿಕಿತ್ಸೆಯೂ ರೋಗವನ್ನು ಗುಣಪಡಿಸಬಹುದಾದ ಸಾಮಾನ್ಯ ಕಾಯಿಲೆಯನ್ನಾಗಿ ಮಾಡಿವೆ. ಕಾನೂನು ಮಾತ್ರ ನಿಧಾನವಾಗಿ ನಡೆಯಿತು. 1898ರ ಶಾಸನ ರದ್ದಾದುದು 2016ರಲ್ಲಿ. ಭಾರತೀಯ ಕ್ರೈಸ್ತರ ವಿವಾಹವಿಚ್ಛೇದನ ಕಾಯಿದೆಗೆ 2001ರಷ್ಟು ಈಚೆಗೆ ಕುಷ್ಠವನ್ನು ಒಂದು ಕಾರಣವನ್ನಾಗಿ ಸೇರಿಸಲಾಗಿತ್ತು. ಅದನ್ನೂ, ಹಿಂದೂ ವಿವಾಹ ಕಾಯಿದೆಯೇ ಮೊದಲಾದವುಗಳಲ್ಲಿದ್ದ ಇಂಥವೇ ವಿಧಿಗಳನ್ನೂ ಪಾರ್ಲಿಮೆಂಟು 2019ರಲ್ಲಿ ತೆಗೆದುಹಾಕಿತು.